ಸಸಿ ಉದ್ದ ಆಗಿದೆ ಅಂತ ಖುಷಿ ಪಡಬೇಡಿ

ಬಿತ್ತಿ ವಾರ ಆಗಿದೆ ಅಷ್ಟೇ, ಟೊಮೆಟೊ ಸಸಿ ಆಗಲೇ ಬೆರಳುದ್ದ ಬೆಳೆದಿದೆ ಅಂತ ಯಾರಾದರೂ ಫೋಟೊ ಕಳಿಸಿದರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಅದೇ ಕಥೆ. ತೆಳ್ಳಗೆ ಬಿಳಿಚಿದ ಕಾಂಡ, ತುದಿಯಲ್ಲಿ ಮೊಳೆತಾಗ ಮೊದಲು ಬಿಚ್ಚುವ ಎರಡೇ ಎರಡು ಬೀಜದೆಲೆ, ಟ್ರೇಯಲ್ಲಿರುವ ಎಲ್ಲ ಸಸಿಯೂ ಕಿಟಕಿಯ ಕಡೆಗೇ ಬಾಗಿ ನಿಂತಿವೆ. ಬೆಳಕು ಸಿಗದೆ ಸಸಿ ಪಡುತ್ತಿರುವ ಪಾಡು ಅದು. ಹಾಗೇ ಬಿಟ್ಟರೆ ಒಂದೊಂದಾಗಿ ಮಲಗುತ್ತವೆ, ಆಮೇಲೆ ಬುಡ ಕೊಳೆಯುತ್ತದೆ, ಕೊನೆಗೆ ‘ಬೀಜವೇ ಸರಿ ಇರಲಿಲ್ಲ’ ಅಂತ ಅಂಗಡಿಯವರಿಗೆ ಬೈದು ಕೈ ತೊಳೆದುಕೊಳ್ಳುತ್ತಾರೆ. ಪಾಪ, ಬೀಜದ್ದೇನು ತಪ್ಪು? ಅಷ್ಟುದ್ದ ಎದ್ದು ನಿಲ್ಲಬೇಕಾದರೆ ಬೀಜದಲ್ಲಿ ಕಸುವು ಇರಲೇಬೇಕಲ್ಲ.

ಮಣ್ಣಿನೊಳಗೆ ಕತ್ತಲಲ್ಲಿ ಮೊಳೆತ ಸಸಿಗೆ ಗೊತ್ತಿರುವ ಕೆಲಸ ಒಂದೇ, ಮೇಲೆ ಏರುವುದು. ಬೀಜದೊಳಗೆ ಕೂಡಿಟ್ಟ ಆಹಾರವನ್ನೆಲ್ಲ ಅದು ಕಾಂಡ ಉದ್ದ ಮಾಡಲಿಕ್ಕೇ ಸುರಿಯುತ್ತದೆ. ಎಲೆ ಬಿಡಿಸುವುದು, ಹಸಿರು ತುಂಬುವುದು, ಬೇರು ಹರಡುವುದು ಎಲ್ಲ ಆಮೇಲಿನ ಮಾತು. ಸರಿಯಾದ ಬೆಳಕು ತಾಗಿದ ಕೂಡಲೇ ಈ ಓಟಕ್ಕೆ ತಡೆ ಬೀಳುತ್ತದೆ, ಕಾಂಡ ದಪ್ಪಗಾಗಲು ಶುರುವಾಗುತ್ತದೆ. ತಾಗಿದ್ದು ಅರೆಬರೆ ಬೆಳಕಾದರೆ ತಡೆಯೂ ಅರೆಬರೆಯೇ. ನಮ್ಮ ಧಾರವಾಡದ ಕಡೆ ನವರಾತ್ರಿಗೆ ಘಟಸ್ಥಾಪನೆ ಮಾಡುವ ಮನೆಗಳಲ್ಲಿ ಇದನ್ನು ಎಲ್ಲರೂ ನೋಡಿರುತ್ತಾರೆ. ಹೊಲದ ಮಣ್ಣು ತಂದು, ಗೋಧಿಯನ್ನೋ ಜೋಳವನ್ನೋ ಬಿತ್ತಿ, ದೇವರ ಮನೆಯ ಮೂಲೆಯಲ್ಲಿ ಇಟ್ಟರೆ ಹಬ್ಬ ಮುಗಿಯುವ ಹೊತ್ತಿಗೆ ಗೇಣುದ್ದದ ಹಳದಿ ಪೈರು ಎದ್ದಿರುತ್ತದೆ. ದಸರೆಯ ದಿನ ಕಿತ್ತು ತಲೆಗೆ ಮುಡಿಯಲು ಚೆಂದ. ಅದೇ ಗೋಧಿ ಹೊಲದಲ್ಲಿ ಅಷ್ಟು ದಿನಕ್ಕೆ ಅಷ್ಟುದ್ದ ಬಂದಿರುವುದಿಲ್ಲ, ಆದರೆ ಹಸಿರಾಗಿ, ಗಟ್ಟಿಯಾಗಿ, ಗಾಳಿಗೆ ಬಗ್ಗದೆ ನಿಂತಿರುತ್ತದೆ. ಕಿಟಕಿಯ ಕಟ್ಟೆಯ ಮೇಲಿರುವ ಟೊಮೆಟೊಗೆ ಆಗುವುದು ಇದೇ ಘಟದ ಪೈರಿನ ಗತಿ. ಆ ಪೈರನ್ನು ಯಾರೂ ನಾಟಿ ಮಾಡುವುದಿಲ್ಲ, ಟೊಮೆಟೊ ಸಸಿಯನ್ನು ಮಾಡಬೇಕು. ಅಷ್ಟೇ ವ್ಯತ್ಯಾಸ.

ಮುಕ್ಕಾಲು ಪಾಲು ನಿರ್ಧಾರ ಆಗುವುದು ಮೊಳಕೆ ಮಣ್ಣು ಒಡೆದು ಮೇಲೆ ಬರುವ ಆ ಒಂದೆರಡು ದಿನದಲ್ಲಿ. ಬೀಜದೆಲೆಯ ಕೆಳಗಿನ ಕಾಂಡ ಒಮ್ಮೆ ಎಳೆದುಕೊಂಡರೆ ಮತ್ತೆ ಗಿಡ್ಡ ಆಗುವುದಿಲ್ಲ. ಆಮೇಲೆ ಎಷ್ಟೇ ಬೆಳಕು ಕೊಟ್ಟರೂ ಮೇಲಿನ ಭಾಗ ಗಟ್ಟಿಯಾಗಬಹುದು, ಕೆಳಗಿನ ಸಣಕಲು ಭಾಗ ಹಾಗೇ ಉಳಿಯುತ್ತದೆ. ಇದು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ನಾರು, ಅಂದರೆ ಸಸಿ, ಬೆಳೆಸಿ ಮಾರುವ ನರ್ಸರಿಯವರಿಗೆ ಚೆನ್ನಾಗಿ ಗೊತ್ತು. ಅವರು 98 ಗುಳಿಯ ಪ್ರೋಟ್ರೇಗೆ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ತುಂಬಿ, ಗುಳಿಗೊಂದು ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಒಳಗೆ ಶಾಖ, ತೇವ ಎರಡೂ ನಿಂತು ಬೀಜಗಳು ಒಟ್ಟಿಗೆ ಮೊಳೆಯುತ್ತವೆ. ಆಮೇಲೆ ದಿನಾ ಹಾಳೆ ಎತ್ತಿ ಇಣುಕುತ್ತಾರೆ. ಅಲ್ಲೊಂದು ಇಲ್ಲೊಂದು ಮೊಳಕೆ ತಲೆ ಎತ್ತಿದ್ದು ಕಂಡರೆ ಸಾಕು, ಎಲ್ಲ ಮೊಳೆಯಲಿ ಅಂತ ಕಾಯದೆ ಅವತ್ತೇ ಟ್ರೇಗಳನ್ನು ಬಿಡಿಸಿ ನೆರಳುಪರದೆಯ ಕೆಳಗೆ ಹರವುತ್ತಾರೆ. ಒಂದು ದಿನ ತಡವಾದರೆ ಇಡೀ ಪೇರಿಕೆಯೇ ಹಾಳು.

ಮನೆಯಲ್ಲಿ ಆಗುವುದು ಇದರ ಉಲ್ಟಾ. ಬೆಚ್ಚಗಿರಲಿ ಅಂತ ಡಬ್ಬವನ್ನು ಫ್ರಿಜ್ ಮೇಲೆ ಇಡುತ್ತೇವೆ. ಅದು ತಪ್ಪಲ್ಲ, ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜ ಮೊಳೆಯಲು ಬೆಳಕು ಬೇಕಿಲ್ಲ, ಬೆಚ್ಚಗಿದ್ದರೆ ಬೇಗ ಮೊಳೆಯುತ್ತವೆ. ತೊಂದರೆ ಏನೆಂದರೆ ಶುಕ್ರವಾರ ಮೊಳೆತದ್ದನ್ನು ನೋಡುವುದು ಭಾನುವಾರ. ಟೊಮೆಟೊ ನಾಲ್ಕರಿಂದ ಏಳು ದಿನದಲ್ಲಿ ಮೊಳೆಯುತ್ತದೆ, ಮೆಣಸಿನಕಾಯಿಗೆ ವಾರದ ಮೇಲೆ ಬೇಕು. ಆದ್ದರಿಂದ ಬಿತ್ತಿದ ಮೂರನೆಯ ದಿನದಿಂದ ಬೆಳಿಗ್ಗೆ ಕಾಫಿ ಕುಡಿಯುವಾಗ ಒಮ್ಮೆ, ಸಂಜೆ ಒಮ್ಮೆ ನೋಡಿ. ಒಂದೇ ಡಬ್ಬದಲ್ಲಿ ಟೊಮೆಟೊ ಮತ್ತು ಮೆಣಸಿನಕಾಯಿ ಎರಡನ್ನೂ ಬಿತ್ತಲೇಬೇಡಿ. ಟೊಮೆಟೊಗೆ ಬೆಳಕು ಬೇಕಾದ ಹೊತ್ತಿಗೆ ಮೆಣಸಿನಕಾಯಿ ಇನ್ನೂ ನಿದ್ದೆಯಲ್ಲಿ ಇರುತ್ತದೆ.

‘ನಮ್ಮ ಹಾಲ್‌ನಲ್ಲಿ ಒಳ್ಳೆ ಬೆಳಕಿದೆ ರೀ’ ಅಂತ ಎಲ್ಲರೂ ಹೇಳುತ್ತಾರೆ. ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬಬಾರದು. ಕತ್ತಲಲ್ಲಿ ಕಣ್ಣಪಾಪೆ ಹಿಗ್ಗುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆ, ಹಾಗಾಗಿ ನಮಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಸಸಿಗೆ ಆ ಅನುಕೂಲ ಇಲ್ಲ. ನಡುಮಧ್ಯಾಹ್ನದ ತೆರೆದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ). ಮೋಡ ಕವಿದ ದಿನ ಬಯಲಲ್ಲಿ 10 ಸಾವಿರದ ಆಸುಪಾಸು. ಮನೆಯೊಳಗೆ, ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗಿರುವ ಟೇಬಲ್ ಮೇಲೆ, ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಮಳೆಗಾಲದ ಮೋಡದ ದಿನವೂ ಹೊರಗೆ ನಿಮ್ಮ ಹಾಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿದೆ ಅಂತ ಆಯಿತು. ನಂಬಿಕೆ ಬರದಿದ್ದರೆ ಫೋನಿಗೆ ಬೆಳಕು ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಹಾಲ್, ಕಿಟಕಿ, ಟೆರೇಸ್ ಮೂರೂ ಕಡೆ ಹಿಡಿದು ನೋಡಿ. ಅಂಕಿ ಪಕ್ಕಾ ಇರುವುದಿಲ್ಲ, ಆದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ನೋಡಿದರೆ ಸಾಕು.

ಇನ್ನು ಕಿಟಕಿಯ ದಿಕ್ಕಿನ ವಿಷಯ. ಇದರಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಅಮೆರಿಕ, ಇಂಗ್ಲೆಂಡಿನವರ ವಿಡಿಯೊಗಳಲ್ಲಿ ಸಸಿಯನ್ನು ದಕ್ಷಿಣದ ಕಿಟಕಿಯಲ್ಲಿಡಿ ಅಂತ ಹೇಳುತ್ತಾರೆ. ಅವರಿಗೆ ಅದು ಸರಿ, ಅವರ ಸೂರ್ಯ ವರ್ಷವಿಡೀ ನಡುಮಧ್ಯಾಹ್ನಕ್ಕೆ ದಕ್ಷಿಣದಲ್ಲೇ ಇರುತ್ತಾನೆ. ಅದನ್ನೇ ಕನ್ನಡಕ್ಕಿಳಿಸಿ ಬೆಂಗಳೂರಿನವರಿಗೂ ಜೂನ್ ತಿಂಗಳಲ್ಲಿ ದಕ್ಷಿಣದ ಕಿಟಕಿ ಅಂತ ಹೇಳಿದರೆ ಹೇಗೆ? ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆಲ್ಲ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದೇ. ಅಲ್ಲಿಂದ ಉತ್ತರಕ್ಕೆ ದಾಟಿ, ಮತ್ತೆ ನೆತ್ತಿಯ ಮೇಲೆ ಬರುವುದು ಆಗಸ್ಟ್ 18ರ ಹೊತ್ತಿಗೆ. ಜೂನ್ ಕೊನೆಯಲ್ಲಂತೂ ಬೆಳಗಿನಿಂದ ಸಂಜೆಯವರೆಗೆ ಸೂರ್ಯ ಉತ್ತರದ ಕಡೆಯೇ ಓಡಾಡುತ್ತಾನೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲು ಒಂದು ಎಳೆಯೂ ಬೀಳುವುದಿಲ್ಲ. ಮುಂಗಾರಿಗೆ ಬಿತ್ತುವವರು ಪೂರ್ವ ಅಥವಾ ಉತ್ತರದ ಕಿಟಕಿ ಹಿಡಿಯಬೇಕು. ಅಕ್ಟೋಬರ್ ಮೇಲೆ ಬಿತ್ತುವುದಾದರೆ ದಕ್ಷಿಣವೇ ಸೈ. ಡಿಸೆಂಬರ್‌ನಲ್ಲಿ ಬಿಸಿಲು ಓರೆಯಾಗಿ ಮನೆಯೊಳಕ್ಕೇ ಬರುತ್ತದೆ. ಇಡೀ ಕರ್ನಾಟಕಕ್ಕೆ ಇದೇ ಲೆಕ್ಕ, ಬೀದರ್ ಕಡೆಗೆ ಹೋದಷ್ಟೂ ಸೂರ್ಯ ಉತ್ತರದಲ್ಲಿರುವ ದಿನ ಕಮ್ಮಿ ಆಗುತ್ತವೆ ಅಷ್ಟೇ. ಪಶ್ಚಿಮದ ಕಿಟಕಿ ನನಗೆ ಇಷ್ಟ ಇಲ್ಲ. ಬೆಳಗಿನಿಂದ ಕತ್ತಲಲ್ಲಿ ಕೂತು ಮಧ್ಯಾಹ್ನ ಮೂರಕ್ಕೆ ಏಕಾಏಕಿ ಬಿಸಿಲಿಗೆ ಕಾಯುವುದು ಎಳೆ ಸಸಿಗೆ ಒಗ್ಗುವುದಿಲ್ಲ.

ದಿಕ್ಕು ಸರಿ ಇದ್ದರೂ ನಮ್ಮ ಕಿಟಕಿಗಳೇ ಬೆಳಕಿನ ವೈರಿಗಳು. ಮೇಲೆ ಸಜ್ಜಾ, ಹೊರಗೆ ಗ್ರಿಲ್, ಅದಕ್ಕೊಂದು ಸೊಳ್ಳೆ ಜಾಲರಿ, ಜಾಲರಿಯಲ್ಲಿ ವರ್ಷದ ಧೂಳು, ಒಳಗೆ ಕಂದು ಬಣ್ಣದ ಗಾಜು, ಎದುರಿಗೆ ಆರಡಿ ಬಿಟ್ಟು ಪಕ್ಕದವರ ನಾಲ್ಕು ಮಹಡಿ. ಇಷ್ಟೆಲ್ಲ ದಾಟಿ ಬಂದ ಬೆಳಕು ಬಡಪಾಯಿ ಸಸಿಗೆ ಎಷ್ಟು ಸಿಕ್ಕೀತು? ದಿನಾ ಡಬ್ಬ ತಿರುಗಿಸಿ ಇಡಿ ಅಂತ ಸಲಹೆ ಕೊಡುತ್ತಾರೆ. ತಿರುಗಿಸಿದರೆ ಸಸಿ ನೆಟ್ಟಗೆ ನಿಲ್ಲುತ್ತದೆ ನಿಜ. ಆದರೆ ನೆಟ್ಟಗೆ ನಿಂತ ಬಡಕಲು ಸಸಿಯೂ ಬಡಕಲು ಸಸಿಯೇ. ಹಿಂದೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಸ್ವಲ್ಪ ಬೆಳಕು ವಾಪಸ್ ಬಂದು ಆ ಬದಿಗೂ ಬೀಳುತ್ತದೆ, ತಿರುಗಿಸುವುದಕ್ಕಿಂತ ಅದು ವಾಸಿ.

ಅಷ್ಟಕ್ಕೂ ನಮ್ಮೂರಲ್ಲಿ ಸಸಿಯನ್ನು ಮನೆಯೊಳಗೆ ಇಡುವುದು ಯಾಕೆ? ಚಳಿ ದೇಶದವರು ಒಳಗೆ ಬಿತ್ತುವುದು ಹೊರಗೆ ಹಿಮ ಬೀಳುತ್ತದೆ ಅಂತ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಟೊಮೆಟೊ ಸಸಿ ಸಾಯುವಷ್ಟು ಚಳಿ ಯಾವಾಗ ಬಂತು? ನಾವು ಒಳಗಿಡುವುದು ಪಾರಿವಾಳಕ್ಕೆ, ಅಳಿಲಿಗೆ, ಇಲಿಗೆ, ಬಸವನಹುಳುವಿಗೆ, ಜೋರು ಮಳೆಗೆ ಹೆದರಿ. ಇವು ಯಾವುದಕ್ಕೂ ಗೋಡೆ ಬೇಕಿಲ್ಲ. ತರಕಾರಿ ಕ್ರೇಟ್ ಒಂದನ್ನು ಬೋರಲು ಹಾಕಿ ಮೇಲೆ ಇಟ್ಟಿಗೆ ಇಟ್ಟರೆ ಪಾರಿವಾಳ ಬರುವುದಿಲ್ಲ, ಆದರೆ ಕ್ರೇಟಿನ ಪಟ್ಟಿಗಳೇ ನೆರಳು ಮಾಡುತ್ತವೆ, ಹಾಗಾಗಿ ತಳ ಕತ್ತರಿಸಿ ಕೋಳಿ ಜಾಲರಿ ಬಿಗಿದರೆ ಒಳ್ಳೆಯದು. ಮಳೆಗೆ ಮೇಲೊಂದು ಪಾರದರ್ಶಕ ಹಾಳೆ ಓರೆಯಾಗಿ ಕಟ್ಟಿ, ಬದಿಗಳನ್ನು ಗಾಳಿಗೆ ತೆರೆದಿಡಿ. ಟೆರೇಸ್ ಇಲ್ಲದವರು ಬಾಲ್ಕನಿಯ ಕಟ್ಟೆಯ ಮೇಲೆ, ಯುಟಿಲಿಟಿಯ ಗ್ರಿಲ್‌ಗೆ ಒತ್ತಿಕೊಂಡಂತೆ ಇಡಬಹುದು. ಜಾಲರಿಯ ಈಚೆ ಅಲ್ಲ, ಆಚೆ. ಒಂದಡಿ ಹೊರಗೆ ಸರಿಸಿದರೂ ಸಸಿಗೆ ಕಾಣುವ ಆಕಾಶ ದುಪ್ಪಟ್ಟಾಗುತ್ತದೆ. ನನ್ನ ಪ್ರಕಾರ ಕರ್ನಾಟಕದ ಬಯಲುಸೀಮೆಯಲ್ಲಿ ಇರುವವರು ಸಣಕಲು ಸಸಿಯ ಸಮಸ್ಯೆಯನ್ನು ಪರಿಹರಿಸುವುದು ಬೇಡ, ಟ್ರೇಯನ್ನು ಹೊರಗಿಟ್ಟರೆ ಆ ಸಮಸ್ಯೆಯೇ ಹುಟ್ಟುವುದಿಲ್ಲ.

ಹೊರಗೆ ಜಾಗವೇ ಇಲ್ಲದವರಿಗೆ, ಮಲೆನಾಡಿನ ಜುಲೈ ಮಳೆಯಲ್ಲಿ ಇರುವವರಿಗೆ, ಕೆಳಗಿನ ಮಹಡಿಯ ಕತ್ತಲೆ ಮನೆಯವರಿಗೆ ದೀಪವೇ ಗತಿ. ನೇರಳೆ ಬಣ್ಣದ ದುಬಾರಿ ದೀಪ ಬೇಡ. ಅಂಗಡಿಯಲ್ಲಿ ಸಿಗುವ 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಸಾಕು. ಡಬ್ಬಿಯ ಮೇಲೆ ‘ಕೂಲ್ ಡೇಲೈಟ್, 6500ಕೆ’ ಅಂತ ಇರಲಿ. ಅದರಲ್ಲಿ ನೀಲಿಯ ಪಾಲು ಜಾಸ್ತಿ, ನೀಲಿ ಬೆಳಕು ಸಸಿಯನ್ನು ಗಿಡ್ಡಗೆ ಇಡುತ್ತದೆ. ಹಳದಿ ಬೆಳಕಿನ ಬಲ್ಬಿನಲ್ಲಿ ನೀಲಿ ಕಮ್ಮಿ, ಅದನ್ನು ಹಾಲ್‌ಗೇ ಬಿಡಿ. ದೀಪ ತಂದವರೂ ಎಡವುವುದು ಎತ್ತರದಲ್ಲಿ. ಗೋಡೆಯ ಮೇಲಿನ ಟ್ಯೂಬ್‌ಲೈಟ್ ಹಚ್ಚಿ ಕೆಳಗೆ ನೆಲದ ಮೇಲೆ ಟ್ರೇ ಇಟ್ಟರೆ ಏನೂ ಪ್ರಯೋಜನ ಇಲ್ಲ. ದೀಪ ಸಸಿಯ ತಲೆಯಿಂದ ಮೂರು ನಾಲ್ಕು ಅಂಗುಲ ಮೇಲಿರಬೇಕು, ಸಸಿ ಬೆಳೆದ ಹಾಗೆ ಏರಿಸಬೇಕು. ಹಗ್ಗ ಕಟ್ಟಿ ಇಳಿಬಿಟ್ಟರೆ ಸುಲಭ, ಇಲ್ಲವೇ ದೀಪವನ್ನು ಶೆಲ್ಫಿಗೆ ಬಿಗಿದು ಟ್ರೇಯ ಕೆಳಗೆ ಹಳೇ ಪುಸ್ತಕ ಪೇರಿಸಿ, ಸಸಿ ಬೆಳೆದಂತೆ ಒಂದೊಂದೇ ತೆಗೆಯಿರಿ. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಕೈ ಒಡ್ಡಿ ನೋಡಿ, ಕೈಗೆ ಹಿತವಾಗಿದ್ದರೆ ಸಸಿಗೂ ಹಿತ. ದಿನಕ್ಕೆ 14ರಿಂದ 16 ಗಂಟೆ ಉರಿಸಿ. 15 ಗಂಟೆಗೆ 0.3 ಯೂನಿಟ್, ತಿಂಗಳಿಗೆ 9 ಯೂನಿಟ್, ಬಿಲ್ ನೋಡಿ ಗಾಬರಿಯಾಗುವಂಥದ್ದೇನೂ ಇಲ್ಲ. ಇಪ್ಪತ್ನಾಲ್ಕು ಗಂಟೆಯೂ ಉರಿಸುವುದು ಬೇಡ. ಟೊಮೆಟೊಗೆ ರಾತ್ರಿ ಬೇಕು, ಕತ್ತಲೆ ಸಿಗದಿದ್ದರೆ ಅದರ ಎಲೆ ಹಳದಿಗಟ್ಟುತ್ತದೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದುಕೊಂಡು ಊರಿನ ಬದನೆ, ಹೀರೆಕಾಯಿ, ಬ್ಯಾಡಗಿ ಮೆಣಸಿನಕಾಯಿಯ ಬೀಜ ಇಟ್ಟುಕೊಂಡವರಿಗೆ ಈ ದೀಪದ ಮಾತು ಇನ್ನೂ ಮುಖ್ಯ. ಅಲ್ಲಿ ಒಳಗೆ ಬಿತ್ತದೆ ಬೇರೆ ದಾರಿ ಇಲ್ಲ. ಆದರೆ ಉಮೇದಿನಲ್ಲಿ ಜನವರಿಯಲ್ಲೇ ಟೊಮೆಟೊ ಬಿತ್ತಬೇಡಿ. ನಿಮ್ಮೂರಿನ ಕೊನೆಯ ಹಿಮದ ದಿನದಿಂದ ಹಿಂದಕ್ಕೆ ಎಣಿಸಿ, ಟೊಮೆಟೊಗೆ ಆರರಿಂದ ಎಂಟು ವಾರ, ಮೆಣಸಿನಕಾಯಿ ಬದನೆಗೆ ಎಂಟರಿಂದ ಹತ್ತು ವಾರ ಸಾಕು. ಹೀರೆ, ಸೋರೆ, ಪಡವಲಕ್ಕೆ ಮೂರು ನಾಲ್ಕು ವಾರ. ಬೇಗ ಬಿತ್ತಿದವರ ಸಸಿ ಬೇಗ ಫಲ ಕೊಡುತ್ತದೆ ಅನ್ನುವುದು ಭ್ರಮೆ. ಹೊರಗೆ ಹೋಗಲಾಗದೆ ಸಣ್ಣ ಕಪ್ಪಿನಲ್ಲಿ ಬೇರು ಸುತ್ತಿಕೊಂಡು ಉದ್ದವಾಗಿ ನಿಂತ ಸಸಿಯನ್ನು ಮೂರು ವಾರ ತಡವಾಗಿ ಬಿತ್ತಿದ ಗಟ್ಟಿ ಸಸಿ ಎಷ್ಟೋ ಸಲ ಹಿಂದೆ ಹಾಕುತ್ತದೆ. ಹೀಟರ್ ಪಕ್ಕದ ಕಿಟಕಿಯಲ್ಲಿ ಇಡುವುದೂ ಬೇಡ. ಕಮ್ಮಿ ಬೆಳಕು, ಜಾಸ್ತಿ ಶಾಖ, ಸಸಿ ಎಳೆದುಕೊಳ್ಳಲು ಇದಕ್ಕಿಂತ ಬೇರೆ ಬೇಕಿಲ್ಲ.

ಬೆಳಕು ಸರಿ ಇದ್ದೂ ಸಸಿ ಎದ್ದೆದ್ದು ಹೋಗುವುದಕ್ಕೆ ಇನ್ನೊಂದು ಕಾರಣ ಗುಂಪು. ಮೊಸರಿನ ಡಬ್ಬದಲ್ಲಿ ಒಂದು ಚಿಟಿಕೆ ಬೀಜ ಉದುರಿಸಿದರೆ ಇಪ್ಪತ್ತು ಮೂವತ್ತು ಸಸಿ ಒಟ್ಟಿಗೆ ಬರುತ್ತವೆ. ಎಲೆ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು, ಅದರಾಚೆಯ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಭಾಗವನ್ನು ಹಾಗೇ ಬಿಟ್ಟುಬಿಡುತ್ತದೆ. ಪಕ್ಕದ ಸಸಿಗೆ ಆ ಕಡುಗೆಂಪು ಜಾಸ್ತಿ ತಾಗಿದರೆ ‘ಓಹೋ, ಇಲ್ಲಿ ಬೇರೆ ಯಾರೋ ಇದ್ದಾರೆ’ ಅಂತ ಅದಕ್ಕೆ ಗೊತ್ತಾಗಿ ಮೇಲೆ ಎಳೆದುಕೊಳ್ಳಲು ಶುರು ಮಾಡುತ್ತದೆ. ಸೋಜಿಗ ಏನೆಂದರೆ ನೆರಳು ಬೀಳುವುದಕ್ಕೂ ಮೊದಲೇ, ನೆರೆಯವರ ಎಲೆಯಿಂದ ಪುಟಿದ ಬೆಳಕಿಗೇ ಇದು ಶುರುವಾಗುತ್ತದೆ. ಹಾಗಾಗಿ ಬೀಜದೆಲೆ ಬಿಚ್ಚಿಕೊಂಡ ಕೂಡಲೇ ಹೆಚ್ಚಿನವನ್ನು ತೆಗೆಯಬೇಕು. ಕೀಳಬೇಡಿ, ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ, ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಇಲ್ಲಿ ಎಲ್ಲರಿಗೂ ಕರುಳು ಚುರ್ ಅನ್ನುತ್ತದೆ. ಆರು ಸಸಿ ಬೇಕಾದವರು ಅರವತ್ತು ಬೀಜ ಬಿತ್ತದಿದ್ದರೆ ಈ ಸಂಕಟವೇ ಇರುವುದಿಲ್ಲ, ಅಲ್ವಾ?

ನೀರು, ಗೊಬ್ಬರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಬೆರಳಿಟ್ಟು ನೋಡಿ ಆಮೇಲೆ ನೀರು ಕೊಡಿ, ಸಾಧ್ಯವಾದರೆ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ. ಕೋಕೋಪೀಟ್‌ನಲ್ಲಿ ಸಾರ ಏನೂ ಇಲ್ಲದಿದ್ದರೂ ಬೀಜದೆಲೆಯ ನಂತರದ ಮೊದಲ ನಿಜವಾದ ಎಲೆ ಬರುವವರೆಗೆ ಸಸಿಗೆ ಬೀಜದ ಆಹಾರವೇ ನಡೆಯುತ್ತದೆ. ಆಮೇಲೆ ತೆಳ್ಳಗೆ ಕೊಡಬಹುದು. ಸೊರಗಿದೆ ಅಂತ ಕಡಲೆಕಾಯಿ ಹಿಂಡಿಯ ನೀರು ಸುರಿಯುವವರಿದ್ದಾರೆ. ಬೆಳಕಿಲ್ಲದ ಸಸಿಗೆ ಸಾರಜನಕ ಸಿಕ್ಕರೆ ಇನ್ನಷ್ಟು ಮೆತ್ತಗೆ, ಇನ್ನಷ್ಟು ಉದ್ದ ಆಗುತ್ತದೆ. ಅದಕ್ಕೆ ಹಸಿವಾಗಿರುವುದು ಗೊಬ್ಬರಕ್ಕಲ್ಲ.

ಗಾಳಿಯನ್ನು ಮಾತ್ರ ಮರೆಯಬೇಡಿ. ಬಯಲಲ್ಲಿ ಬೆಳೆದ ಸಸಿ ದಿನವಿಡೀ ಅಲುಗಾಡುತ್ತದೆ, ಅಲುಗಾಡಿದಷ್ಟೂ ಕಾಂಡ ಗಿಡ್ಡಗೆ, ದಪ್ಪಗೆ ಆಗುತ್ತದೆ. ಮನೆಯೊಳಗೆ ಎಲೆ ಮಿಸುಕಾಡುವುದಿಲ್ಲ. ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ, ಸ್ವಲ್ಪ ದೂರದಿಂದ, ದಿನಕ್ಕೆ ಒಂದೆರಡು ಗಂಟೆ ಬಿಟ್ಟರೆ ಸಾಕು. ಫ್ಯಾನ್ ಇಲ್ಲದಿದ್ದರೆ ಅಂಗೈಯಿಂದ ಸಸಿಗಳ ತಲೆಯನ್ನು ಮೆಲ್ಲಗೆ ಸವರಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ದಿನಕ್ಕೆ ಎರಡು ಮೂರು ಸಲ. ಹಾಸ್ಯ ಅಲ್ಲ, ಹೀಗೆ ಮುಟ್ಟಿಸಿಕೊಂಡ ಟೊಮೆಟೊ ಸಸಿ ನಿಜವಾಗಿ ಗಿಡ್ಡ ಆಗುತ್ತದೆ, ಇದರ ಮೇಲೆ 1970ರ ದಶಕದಿಂದಲೂ ಪ್ರಯೋಗಗಳು ನಡೆದಿವೆ. ಎಲೆ ಒದ್ದೆ ಇದ್ದಾಗ ಬೇಡ. ಬೀಡಿ ಸಿಗರೇಟು ಸೇದುವವರು ಸೋಪು ಹಾಕಿ ಕೈ ತೊಳೆದೇ ಮುಟ್ಟಬೇಕು. ತಂಬಾಕಿನ ಮೊಸಾಯಿಕ್ ವೈರಸ್ ಕೈಯಿಂದಲೇ ಟೊಮೆಟೊಗೆ, ಮೆಣಸಿನಕಾಯಿಗೆ ದಾಟುತ್ತದೆ. ಬಾಯಲ್ಲಿ ಕಡ್ಡಿಪುಡಿ ಇದ್ದವರಿಗೂ ಇದೇ ಮಾತು.

ಸರಿ, ಈಗಾಗಲೇ ಉದ್ದ ಆಗಿಬಿಟ್ಟಿದೆ, ಏನು ಮಾಡುವುದು? ಅದು ಯಾವ ತರಕಾರಿ ಎನ್ನುವುದರ ಮೇಲೆ ಹೋಗುತ್ತದೆ.

ಟೊಮೆಟೊ ಆದರೆ ಚಿಂತೆಯೇ ಇಲ್ಲ. ಅದರ ಕಾಂಡದ ಉದ್ದಕ್ಕೂ ಬೇರು ಬಿಡುವ ಗುಣ ಇದೆ, ಮಣ್ಣಿನ ತೇವ ತಾಗಿದರೆ ಸಾಕು. ಸಸಿಗೆ ಎರಡು ನಿಜವಾದ ಎಲೆ ಬಂದ ಮೇಲೆ ಆಳದ ಕಪ್ಪಿಗೆ ವರ್ಗಾಯಿಸಿ. ಪೇಪರ್ ಲೋಟ, ಹಾಲಿನ ಪ್ಯಾಕೆಟ್, ಏನಾದರೂ ನಡೆಯುತ್ತದೆ, ಕೆಳಗೆ ತೂತು ಇರಬೇಕು. ಕಾಲುಭಾಗ ಮಣ್ಣು ಹಾಕಿ, ಸಸಿಯನ್ನು ಬೇರಿನ ಗುಡ್ಡೆ ಸಮೇತ ಇಳಿಸಿ, ಬೀಜದೆಲೆಯ ಬುಡದವರೆಗೆ ಮಣ್ಣು ತುಂಬಿ. ಸಸಿಯನ್ನು ಹಿಡಿಯುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಎಳೆ ಕಾಂಡ ಜಜ್ಜಿದರೆ ಕಥೆ ಮುಗಿಯಿತು. ತುಂಬಾ ಉದ್ದ ಇದ್ದರೆ ಕುಂಡಕ್ಕೆ ನೆಡುವಾಗ ಕಾಂಡವನ್ನು ಮಣ್ಣಿನಲ್ಲಿ ಅಡ್ಡಡ್ಡ ಮಲಗಿಸಿ, ತುದಿಯ ನಾಲ್ಕು ಎಲೆ ಮಾತ್ರ ಮೇಲೆ ಬರುವಂತೆ ಮಾಡಿ. ಎರಡು ದಿನದಲ್ಲಿ ತುದಿ ತಾನೇ ಮೇಲಕ್ಕೆ ತಿರುಗುತ್ತದೆ, ಬಲವಂತವಾಗಿ ಬಗ್ಗಿಸಿ ಮುರಿಯಬೇಡಿ. ಹೂಳುವ ಭಾಗದ ಎಲೆಗಳನ್ನು ಮೊದಲೇ ಚಿವುಟಿ ತೆಗೆದಿರಿ. ಮಣ್ಣು ಹಗುರ ಇರಬೇಕು, ನೀರು ನಿಲ್ಲುವ ಕೆಂಪು ಜೇಡಿಯಲ್ಲಿ ಆಳಕ್ಕೆ ಹೂತರೆ ಬೇರು ಬರುವ ಬದಲು ಕಾಂಡ ಕೊಳೆಯುತ್ತದೆ. ಕಸಿ ಕಟ್ಟಿದ ಟೊಮೆಟೊ ಸಸಿ ಈಗ ಅಲ್ಲಲ್ಲಿ ಸಿಗುತ್ತದೆ, ಬದನೆಯ ಬೇರಿನ ಮೇಲೆ ಟೊಮೆಟೊ. ಅದನ್ನು ಮಾತ್ರ ಆಳಕ್ಕೆ ಹೂಳಬಾರದು. ಕಸಿಯ ಗಂಟು ಮಣ್ಣಿಗೆ ಹೋದರೆ ಮೇಲಿನ ಟೊಮೆಟೊ ತಾನೇ ಬೇರು ಬಿಟ್ಟುಕೊಂಡು ಕಸಿ ಕಟ್ಟಿದ್ದೆಲ್ಲ ದಂಡ ಆಗುತ್ತದೆ.

ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಬದನೆ ಟೊಮೆಟೊದ ನೆಂಟರೇ ಆದರೂ ಕಾಂಡದಲ್ಲಿ ಅಷ್ಟು ಸಲೀಸಾಗಿ ಬೇರು ಬಿಡುವುದಿಲ್ಲ. ಬೀಜದೆಲೆಯ ಕೆಳಗಿನವರೆಗೆ ಹೂತರೆ ಗಿಡಕ್ಕೆ ಆಸರೆ ಸಿಗುತ್ತದೆ, ಅದಕ್ಕಿಂತ ಆಳ ಬೇಡ. ಪಕ್ಕದಲ್ಲೊಂದು ಪೊರಕೆ ಕಡ್ಡಿ ಚುಚ್ಚಿ ಸಡಿಲವಾಗಿ ದಾರ ಕಟ್ಟಿ, ಬೆಳಕಿಗೆ ಇಡಿ. ಇವು ನಿಧಾನಸ್ಥರು, ಸುಧಾರಿಸಲು ಒಂದೆರಡು ವಾರ ತೆಗೆದುಕೊಂಡರೂ ಸುಧಾರಿಸುತ್ತವೆ. ಎಲೆಕೋಸು, ಹೂಕೋಸು, ನವಿಲುಕೋಸನ್ನೂ ಬೀಜದೆಲೆಯವರೆಗೆ ಹೂಳಬಹುದು, ಆದರೆ ನಡುವಿನ ಎಳೆ ಸುಳಿಗೆ ಮಣ್ಣು ಬೀಳಬಾರದು. ಸುಳಿ ಕೊಳೆತ ಕೋಸು ಕೋಸು ಕಟ್ಟುವುದಿಲ್ಲ.

ಸೌತೆ, ಹೀರೆ, ಸೋರೆ, ಕುಂಬಳ, ಹುರುಳಿಕಾಯಿ, ಅಲಸಂದೆ ಉದ್ದ ಆಗಿದ್ದರೆ ಉಳಿಸಲು ಹೋಗಲೇಬೇಡಿ. ಇವುಗಳ ಬೇರಿಗೆ ಅಲುಗಾಟ ಆಗಿಬರುವುದಿಲ್ಲ, ನೀರು ತುಂಬಿದ ಕಾಂಡ ಹೂತರೆ ಕೊಳೆಯುವುದೇ ಹೆಚ್ಚು. ಬೀಜ ದೊಡ್ಡದು, ನೇರವಾಗಿ ಕುಂಡದಲ್ಲೇ ಊರಿದರೆ ನಾಲ್ಕೈದು ದಿನದಲ್ಲಿ ಮೊಳೆಯುತ್ತವೆ. ಹಳೆಯದನ್ನು ಆರೈಕೆ ಮಾಡುವ ಹೊತ್ತಿಗೆ ಹೊಸದು ಅದನ್ನು ದಾಟಿ ಚಪ್ಪರ ಹತ್ತಿರುತ್ತದೆ. ಮೂಲಂಗಿ, ಗಜ್ಜರಿಯನ್ನೂ ಟ್ರೇಯಲ್ಲಿ ಬಿತ್ತುವ ಮಾತೇ ಬೇಡ.

ಹೂತ ಮೇಲೆ ಜನ ಮಾಡುವ ಅವಸರ ಒಂದಿದೆ. ಬೆಳಕು ಕಮ್ಮಿ ಆಗಿದ್ದಕ್ಕೇ ಹೀಗಾಯಿತು ಅಂತ ಗೊತ್ತಾದ ಕೂಡಲೇ ಟ್ರೇಯನ್ನು ಎತ್ತಿಕೊಂಡು ಹೋಗಿ ಟೆರೇಸಿನ ನಡುಬಿಸಿಲಿಗೆ ಇಡುವುದು. ಮನೆಯೊಳಗೆ ಬೆಳೆದ ಎಲೆಯ ಚರ್ಮ ತೆಳು, ಒಂದೇ ಮಧ್ಯಾಹ್ನದಲ್ಲಿ ಬಿಳಿ ಕಾಗದದ ಥರ ಸುಟ್ಟುಹೋಗುತ್ತದೆ. ಹೊಸದಾಗಿ ವರ್ಗಾಯಿಸಿದ ಸಸಿಯನ್ನು ಮೊದಲ ಎರಡು ಮೂರು ದಿನ ಬೆಳಕಿರುವ ನೆರಳಲ್ಲಿ ಇಡಿ. ಆಮೇಲೆ ಬೆಳಗಿನ ಒಂಬತ್ತರವರೆಗಿನ ಬಿಸಿಲು, ಆಮೇಲೆ ಹತ್ತು, ಹೀಗೆ ದಿನಾ ಒಂದೊಂದು ಗಂಟೆ ಜಾಸ್ತಿ ಮಾಡುತ್ತ ವಾರದಲ್ಲಿ ಪೂರ್ತಿ ಬಿಸಿಲಿಗೆ ತನ್ನಿ. ಮೋಡದ ದಿನ ಶುರು ಮಾಡಿದರೆ ಇನ್ನೂ ಒಳ್ಳೆಯದು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಹತ್ತು ದಿನ ಬೇಕಾಗಬಹುದು. ಕಾಂಡದ ಬುಡ ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿ, ಎಲೆ ಕಡುಹಸಿರಾಗಿ, ಹೊಸ ಎಲೆಗಳ ನಡುವಿನ ಅಂತರ ಕಮ್ಮಿ ಆದರೆ ಸಸಿ ದಾರಿಗೆ ಬಂತು ಅಂತ ಲೆಕ್ಕ.

ಗಿಡ್ಡ ಮಾಡುವ ಔಷಧಿ ಸಿಗುತ್ತದಂತೆ, ಹೌದೇ ಅಂತ ಕೇಳುವವರಿಗೆ: ಸಿಗುತ್ತದೆ. ಮಾವಿನ ತೋಟಗಳಲ್ಲಿ ಹೂ ಬರಿಸಲು ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯೂಟ್ರಝಾಲ್ ಇದೇ ಕೆಲಸ ಮಾಡುತ್ತದೆ, ಕಾಂಡ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಮನೆಗೆ ನಾಲ್ಕು ಟೊಮೆಟೊ ಬೆಳೆಯಲು ಅದನ್ನೆಲ್ಲ ತರುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವವರು ನರ್ಸರಿಯಿಂದ ಸಸಿ ತಂದರೂ ಆಯಿತು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅಲ್ಲೂ ಉದ್ದನೆಯದನ್ನೇ ಆರಿಸುವ ಚಾಳಿ ಇದೆ. ಮಳೆ ತಡವಾಗಿಯೋ, ಟೊಮೆಟೊ ದರ ಬಿದ್ದೋ ರೈತರು ನಾರು ಒಯ್ಯದೆ ಇದ್ದಾಗ ಟ್ರೇಗಳು ನರ್ಸರಿಯಲ್ಲೇ ಉಳಿದು, ಒಂದಕ್ಕೊಂದು ಒತ್ತಿಕೊಂಡು ಎತ್ತರಕ್ಕೆ ಹೋಗಿರುತ್ತವೆ. ಟೊಮೆಟೊ ಸಸಿ ಬಿತ್ತಿದ ಮೂರೂವರೆ ನಾಲ್ಕು ವಾರಕ್ಕೆ ನಾಟಿಗೆ ಬರುತ್ತದೆ, ಮೆಣಸಿನಕಾಯಿಗೆ ಐದಾರು ವಾರ. ಯಾವಾಗ ಬಿತ್ತಿದ್ದು ಅಂತ ಕೇಳಿ. ಗುಳಿಯಿಂದ ಒಂದನ್ನು ಎತ್ತಿ ಬೇರು ನೋಡಿ. ಬಿಳಿ ಬೇರು ಗುಡ್ಡೆಯನ್ನು ಹಿಡಿದಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಸುತ್ತು ಸುತ್ತಿದ್ದರೆ ಬೇಡ ಅನ್ನಿ. ಟ್ರೇಯ ನಡುವಿನದಕ್ಕಿಂತ ಅಂಚಿನ ಸಾಲಿನ ಗಿಡ್ಡ ಸಸಿಗಳನ್ನೇ ಕೇಳಿ ತೆಗೆದುಕೊಳ್ಳಿ. ಅಂಚಿನವಕ್ಕೆ ಒಂದು ಬದಿಯ ಬೆಳಕು, ಗಾಳಿ ಎರಡೂ ಸಿಕ್ಕಿರುತ್ತವೆ. ಮಾರುವವರು ‘ಅದು ಚಿಕ್ಕದು ಸಾರ್, ಇದು ತಗೊಳ್ಳಿ’ ಅಂತ ಉದ್ದನೆಯದನ್ನು ಮುಂದೆ ಹಿಡಿಯುತ್ತಾರೆ. ನಕ್ಕು ಚಿಕ್ಕದನ್ನೇ ತನ್ನಿ.